ಹನ್ನೊಂದು ಕೋಟಿನ ತಲೆನೋವು

ಟೇಪಕ್ಕನ ತಲೆ ಎರಡು ಪಾಲಾಗಿತ್ತು. ಬಲಗಡೆ ಅವಳದು, ಎಡಗಡೆ ನೆಂಟನದು. ನೆಂಟ ಅಂದರೆ ತಲೆನೋವು. ಇಪ್ಪತ್ತು ವರ್ಷದ ಹಿಂದೆ ತಿಂಗಳಿಗೊಮ್ಮೆ ಬಂದು, ಒಂದು ಹೊತ್ತು ಇದ್ದು, ಮರ್ಯಾದೆಯಾಗಿ ಹೊರಟುಹೋಗುತ್ತಿದ್ದ. ಈಗ ತಿಂಗಳಿಗೆ ಹದಿನೆಂಟು ದಿನ ಇಲ್ಲೇ ಠಿಕಾಣಿ. ಅವನು ಬರುವ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಗೆರೆಗಳು ಮಿಣಮಿಣ ಅನ್ನುತ್ತವೆ. ಆಮೇಲೆ ಎಡಗಣ್ಣಿನ ಹಿಂದೆ ಯಾರೋ ಕೂತು ಹೊಲಿಗೆ ಮಿಷನ್ ತುಳಿಯೋಕೆ ಶುರು ಮಾಡುತ್ತಾರೆ. ಬೆಳಕು ಆಗಲ್ಲ, ವಾಸನೆ ಆಗಲ್ಲ, ಗಂಡನ ದನಿಯಂತೂ ಮೊದಲೇ ಆಗಲ್ಲ.

ಅವಳದು ಟೈಲರ್ ಕೆಲಸ. ಮೂರು ಮಹಡಿ ಕಟ್ಟಡದ ಮೆಟ್ಟಿಲ ಕೆಳಗೆ ಅಂಗಡಿ. ಎರಡು ಮಿಷನ್ನು, ಒಂದು ಆಳೆತ್ತರದ ಕನ್ನಡಿ, ಅಂಗಿ ಹಾಕಿ ನೋಡಲು ಪರದೆ ಕಟ್ಟಿದ ಒಂದು ಮೂಲೆ. ಆ ಮೂಲೆಯಲ್ಲಿ ದಪ್ಪಗಿರುವವರು ಕೈ ಎತ್ತಿದರೆ ಮೊಣಕೈ ಬೀದಿಗೆ ಬರುತ್ತದೆ. ಅಳತೆ ಟೇಪು ಸದಾ ಕತ್ತಿನಲ್ಲೇ ನೇತಾಡುತ್ತಿದ್ದರಿಂದ ಊರೆಲ್ಲ ಅವಳಿಗೆ ಟೇಪಕ್ಕ ಅಂತಲೇ ಹೆಸರಿಟ್ಟಿತ್ತು.

ಒಂದು ಬೆಳಿಗ್ಗೆ ಬೇಕರಿಯವನು ಅಳತೆ ಕೊಡಲು ಬಂದ. ಟೇಪಕ್ಕ ಟೇಪು ಹುಡುಕಿದಳು. ಡ್ರಾಯರ್ ಎಳೆದಳು, ಮೇಜಿನ ಕೆಳಗೆ ತೂರಿದಳು, "ನೀವೇ ಅದರ ಮೇಲೆ ಕೂತಿದ್ದೀರೋ ಏನೋ, ಏಳಿ ನೋಡೋಣ" ಅಂತ ಅವನನ್ನ ಎರಡು ಸಲ ಎಬ್ಬಿಸಿದಳು. ಕೊನೆಗೆ ಕತ್ತಿನಲ್ಲಿದ್ದ ಟೇಪನ್ನ ಎಳೆದು ಅವನ ಎದೆ ಅಳೆದಳು, ತೋಳು ಅಳೆದಳು, ಬರೆದುಕೊಂಡಳು, ಟೇಪನ್ನ ಮತ್ತೆ ಕತ್ತಿಗೆ ಹಾಕಿಕೊಂಡು, "ಸರಿ, ಇರಿ, ಈಗ ಟೇಪು ಹುಡುಕೋಣ" ಅಂದಳು.

ಬೇಕರಿಯವನು ನಕ್ಕೂ ನಕ್ಕು ಗೋಡೆ ಹಿಡಿದುಕೊಂಡ. ಟೇಪಕ್ಕನೂ ನಕ್ಕಳು. ಅವನು ಹೋದ ಮೇಲೆ ಪರದೆ ಎಳೆದುಕೊಂಡು ಒಳಗಿನ ಸ್ಟೂಲಿನ ಮೇಲೆ ಕೂತಳು. ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ.

ಯಾಕೆ ಅಂದರೆ ಅವಳಿಗೆ ದೊಡ್ಡಮ್ಮ ನೆನಪಾಗಿದ್ದಳು. ದೊಡ್ಡಮ್ಮನೂ ಒಳ್ಳೆ ಹೊಲಿಗೆಯವಳು. ಮೊದಮೊದಲು ಮಾತಿನ ಮಧ್ಯೆ ಒಂದೊಂದು ಪದ ಸಿಗುತ್ತಿರಲಿಲ್ಲ, ಅಷ್ಟೇ. ಆಮೇಲೆ ಸೂಜಿಪೆಟ್ಟಿಗೆಯನ್ನ ಫ್ರಿಜ್ಜಿನಲ್ಲಿಟ್ಟಳು. ಕಿಟಕಿ ಪರದೆಗೆ ಕಾಜ ಮಾಡಿ ಗುಂಡಿ ಹೊಲಿದಳು. ಕೊನೆಗೆ ಹೆತ್ತ ಮಗಳನ್ನೇ, "ನೀನು ಯಾರ ಮನೆ ಹುಡುಗಿಯಮ್ಮ, ಬಿಸಿಲಲ್ಲಿ ನಿಂತಿದೀಯಲ್ಲ, ಬಾ ಒಳಗೆ" ಅಂತ ಕರೆದಳು. ಆ ದಿನ ಟೇಪಕ್ಕ ಅಲ್ಲೇ ಇದ್ದಳು. ಆ ಮಗಳ ಮುಖ ಅವಳಿಗೆ ಇವತ್ತಿಗೂ ಮರೆತಿಲ್ಲ.

ಈಗ ಟೇಪಕ್ಕನಿಗೂ ಪದ ಸಿಗುತ್ತಿರಲಿಲ್ಲ. "ರೀ, ಅದು ಕೊಡಿ, ಅದೇ, ಇದನ್ನ ಹೀಗೆ ಹೀಗೆ ಮಾಡ್ತೀವಲ್ಲ, ಅದು" ಅಂತ ಎರಡು ಬೆರಳನ್ನ ಕಚಕಚ ಆಡಿಸಿದರೆ ಕತ್ತರಿ ಅಂತ ಅರ್ಥ. ಗಂಡ ಒಮ್ಮೊಮ್ಮೆ ಕತ್ತರಿ ಕೊಡುತ್ತಿದ್ದ, ಒಮ್ಮೊಮ್ಮೆ ಚಿಮಟ. ಪೋಸ್ಟ್ ಮಾಸ್ತರರ ಅಂಗಿಗೆ ಅವಳು ಮೂರು ತೋಳು ಹೊಲಿದಿದ್ದಳು. ಅವರು ಒಳ್ಳೆ ಮನುಷ್ಯ. "ಕೆಲಸ ಜಾಸ್ತಿ ಇದೆ, ಉಪಯೋಗಕ್ಕೆ ಬರುತ್ತೆ ಬಿಡಮ್ಮ" ಅಂದುಬಿಟ್ಟರು.

ನಿದ್ದೆಯ ವಿಷಯ ಕೇಳಲೇಬೇಡಿ. ಅವಳ ಗಂಡ ದೊಡ್ಡ ಆಫೀಸೊಂದರಲ್ಲಿ ಲಿಫ್ಟ್ ನಡೆಸುವವನು. ದಿನವಿಡೀ ಹತ್ತು ಮಹಡಿ ಹತ್ತಿ ಇಳಿದು ಬಂದು ದಿಂಬಿಗೆ ತಲೆ ಇಟ್ಟರೆ ಗೊರಕೆ ಸಮೇತ ನೇರ ನೆಲಮಾಳಿಗೆ. ಮಧ್ಯೆ ಎಲ್ಲೂ ನಿಲ್ಲುವುದಿಲ್ಲ. ಟೇಪಕ್ಕ ಮಾತ್ರ ಎರಡು ಮಹಡಿಯ ನಡುವೆ ಸಿಕ್ಕಿಹಾಕಿಕೊಂಡವಳ ಹಾಗೆ, ಮೇಲೂ ಇಲ್ಲ ಕೆಳಗೂ ಇಲ್ಲ. ಎರಡು ಗಂಟೆ ನಿದ್ದೆ ಬಂದರೆ ಪುಣ್ಯ. "ನಿದ್ದೆ ಬರಲ್ಲ ಕಣ್ರೀ" ಅಂದರೆ ಗಂಡನದು ಒಂದೇ ಮದ್ದು: "ಕಣ್ಣು ಮುಚ್ಕೊಳೇ, ಬರುತ್ತೆ." ಇದನ್ನ ಹೇಳಿ ಮುಗಿಸುವ ಮೊದಲೇ ಅವನಿಗೆ ಬಂದಿರುತ್ತಿತ್ತು. ಎರಡು ಬೆರಳಿನ ಆ ವಸ್ತುವಿನ ಹೆಸರು ನೆನಪಿಲ್ಲದಿದ್ದರೂ, ಅದರಿಂದ ಗಂಡನ ಮೀಸೆಗೆ ಏನು ಮಾಡಬಹುದು ಅನ್ನುವುದು ಅವಳಿಗೆ ಚೆನ್ನಾಗಿಯೇ ಹೊಳೆಯುತ್ತಿತ್ತು.

ಯಾರಿಗೂ ಹೇಳದೆ ಅವಳು ತನ್ನ ಮೇಲೆ ತಾನೇ ಕಾವಲು ಕೂತಳು. ಅಂಗಡಿಯ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಸಂಜೆ ಬಾಗಿಲು ಹಾಕುವ ಮುಂಚೆ ಅದರ ಮೇಲೆ, ತಾರೀಖಿನ ಪಕ್ಕದಲ್ಲೇ, ಸಣ್ಣಗೆ ಬರೆಯುತ್ತಿದ್ದಳು: ನೆಂಟ ಇದ್ದನೋ ಇಲ್ಲವೋ, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಎಷ್ಟು ಮಾತ್ರೆ ನುಂಗಿದ್ದು, ಯಾವ ಪದ ಕಳೆದುಹೋಗಿದ್ದು. ಮರುದಿನ ಬೆಳಿಗ್ಗೆ ಆ ಹಾಳೆ ಹರಿದು, ಹಿಂದುಗಡೆ ಖಾಲಿ ಇತ್ತಲ್ಲ, ಅಲ್ಲಿ ಗಿರಾಕಿಯ ಗುರುತು ಬರೆಯುತ್ತಿದ್ದಳು. ಕಾಗದ ದಂಡ ಮಾಡುವ ಜಾಯಮಾನ ಅವಳದಲ್ಲ.

ಈ ಗುರುತಿನ ಚೀಟಿ ಹೊಸದು. ಮೊದಲೆಲ್ಲ ಯಾರ ಅಳತೆಯಾದರೂ ತಲೆಯಲ್ಲೇ ಇರುತ್ತಿತ್ತು. ಈಗ ಅಳತೆ ಪುಸ್ತಕದಲ್ಲಿರುವ ಅಂಕಿ ನೋಡಿದರೂ ಮನುಷ್ಯ ಕಣ್ಣಿಗೆ ಬರುತ್ತಿರಲಿಲ್ಲ. ಹಾಗಾಗಿ ಆಳು ಹೇಗೆ, ಮೈ ಹೇಗೆ, ಸ್ವಭಾವ ಹೇಗೆ ಅಂತ ಕಂಡದ್ದನ್ನ ಕಂಡ ಹಾಗೆ ಬರೆದು, ಬಟ್ಟೆಯ ಒಳಪದರಕ್ಕೆ ಗುಂಡುಪಿನ್ನಿನಿಂದ ಚುಚ್ಚಿಡುತ್ತಿದ್ದಳು. ಕೊಡುವ ಮುಂಚೆ ಕಿತ್ತುಹಾಕುತ್ತಿದ್ದಳು. ಅದು ಅವಳ ಗುಟ್ಟು.

ಆ ಹೊತ್ತಿಗೆ ಊರಿನ ಹಾಡಿನ ಸಂಘದ ಆರ್ಡರ್ ಬಂತು. ಬೇಕರಿಯವನು, ಪೋಸ್ಟ್ ಮಾಸ್ತರು ಸೇರಿ ಹನ್ನೊಂದು ಜನ, ಹನ್ನೊಂದು ಕೋಟು, ಎಲ್ಲವೂ ಒಂದೇ ಕಡುನೀಲಿ ಬಟ್ಟೆ. ಮೂರು ವಾರ ಬಿಟ್ಟು ಭಾನುವಾರ ಕಛೇರಿ, ಹಿಂದಿನ ದಿನ ಶನಿವಾರ ಕೋಟು ಕೈಗೆ ಸೇರಬೇಕು.

ಅದೇ ವಾರ ನಾದಿನಿಯೂ ಬಂದಳು. ಗಂಡನ ತಂಗಿ ಅವಳು, ಬೇರೆಯವರ ಪಾರ್ಲರಿನಲ್ಲಿ ತಲೆಗೂದಲು ಕತ್ತರಿಸುವ ಕೆಲಸ, ತನ್ನದೇ ಒಂದು ಪಾರ್ಲರ್ ಇಡುವ ಆಸೆ. ಕೆಟ್ಟವಳಲ್ಲ. ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ, ಅಷ್ಟೇ.

"ಅತ್ತಿಗೆ, ನಿಮಗೆ ಆಗ್ತಾ ಇಲ್ಲ. ಮೂರು ತೋಳಿನ ವಿಷಯ ಪಾರ್ಲರಿಗೂ ಬಂದಿದೆ. ಈ ಜಾಗ ನನಗೆ ಕೊಟ್ಟುಬಿಡಿ, ಮನೇಲಿ ಆರಾಮಾಗಿರಿ."

ಟೇಪಕ್ಕನಿಗೆ ಜಗಳ ಆಡಲು ಮನಸ್ಸಿತ್ತು, ಪದ ಇರಲಿಲ್ಲ. "ಈ ಹನ್ನೊಂದು ಕೋಟಲ್ಲಿ ಒಂದು ತಪ್ಪಾದ್ರೂ ಬೀಗದ ಕೈ ನಿನ್ನದು ಕಣೆ. ತಪ್ಪಿಲ್ದೆ ಕೊಟ್ರೆ ಈ ಮಾತು ಇನ್ನೊಂದು ಸಲ ಎತ್ತಬಾರದು" ಅಂದಳು. ನಾದಿನಿಗೆ ಅದು ಅಂಗಡಿಯ ಮಾತು. ಟೇಪಕ್ಕನಿಗೆ ಅದು ತಲೆಯ ಮಾತು. ತಪ್ಪಾದರೆ ತಾನು ದೊಡ್ಡಮ್ಮನ ದಾರಿ ಹಿಡಿದಾಯಿತು ಅಂತಲೇ ಅವಳು ಗಟ್ಟಿಮಾಡಿಕೊಂಡಿದ್ದಳು.

ಸಂಘದವರು ದಿನಕ್ಕೊಬ್ಬರಂತೆ ಬಂದು ಅಳತೆ ಕೊಟ್ಟರು. ಅವರಲ್ಲೊಬ್ಬರು ಡಾಕ್ಟರಮ್ಮ. ನಾಲ್ಕು ರಸ್ತೆ ಸೇರುವಲ್ಲಿನ ಆಸ್ಪತ್ರೆಯಲ್ಲಿ ತಲೆ, ನರಗಳ ಡಾಕ್ಟರು. ಇಂಥವರು ಎದುರಿಗೇ ತೋಳು ಚಾಚಿ ನಿಂತಿರುವಾಗ ಒಂದು ಮಾತು ಕೇಳಬಾರದೇ ಅಂತ ನೀವು ಅನ್ನಬಹುದು. ಕೇಳಿದರೆ ಅವರು ಉತ್ತರ ಹೇಳಿಬಿಡುತ್ತಾರಲ್ಲ, ಅದೇ ಭಯ. ಬಾಯಿ ಜಾರಬಾರದು ಅಂತ ಟೇಪಕ್ಕ ತುಟಿಗಳ ಮಧ್ಯೆ ಎಂಟು ಗುಂಡುಪಿನ್ನು ಕಚ್ಚಿಕೊಂಡೇ ಅವರ ಅಳತೆ ತೆಗೆದಳು. ಅವರು ಏನು ಕೇಳಿದರೂ ಇವಳದು "ಹ್ಞೂ", "ಉಹ್ಞೂ".

ಕೋಟುಗಳು ಸೊಗಸಾಗಿ ಬಂದವು. ಎಲ್ಲಕ್ಕೂ ಎರಡೆರಡೇ ತೋಳು. ಅವಳು ಮೂರು ಸಲ ಎಣಿಸಿದಳು.

ಶನಿವಾರ ಬೆಳಿಗ್ಗೆ ನೆಂಟ ಬಂದ. ಸುಮ್ಮನೆ ಅಲ್ಲ, ಬ್ಯಾಂಡ್ ಸಮೇತ. ಒಂದು ಕಣ್ಣು ಮುಚ್ಚಿಕೊಂಡು ಇಸ್ತ್ರಿ ಮಾಡುತ್ತಿರುವಾಗ ಅವಳಿಗೆ ಥಟ್ಟನೆ ಅನ್ನಿಸಿತು: ಏನೋ ಒಂದನ್ನ ತೆಗೆಯಬೇಕು. ಏನು ತೆಗೆಯಬೇಕು? ಮನೆಗೆ ಓಡಿ ಒಲೆಯ ಮೇಲಿದ್ದ ಹಾಲು ತೆಗೆದಳು. ತಂತಿಯ ಮೇಲಿದ್ದ ಬಟ್ಟೆ ತೆಗೆದಳು. ಕಸದ ಬುಟ್ಟಿ ಆಚೆ ತೆಗೆದಿಟ್ಟಳು. ಅಲ್ಮೇರದ ಮೇಲಿನ ಜೇಡರ ಬಲೆಯನ್ನೂ ತೆಗೆದಳು. ಇಷ್ಟೆಲ್ಲ ತೆಗೆದ ಮೇಲೂ ಮನಸ್ಸು ಕೇಳಲಿಲ್ಲ. ಕೊನೆಗೆ ಗಂಡನ ಕನ್ನಡಕ ತೆಗೆದಳು.

"ಯಾಕೇ?"

"ಗೊತ್ತಿಲ್ಲ. ಏನೋ ತೆಗೀಬೇಕಿತ್ತು."

ಕನ್ನಡಕ ಇಲ್ಲದ ಗಂಡ ಹನ್ನೊಂದು ಕೋಟನ್ನೂ ಹೊತ್ತುಕೊಂಡು ಹೋಗಿ ಸಂಘಕ್ಕೆ ಕೊಟ್ಟು ಬಂದ.

ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ಮೂರನೇ ಸಾಲಿನಲ್ಲಿ ಟೇಪಕ್ಕ, ಅವಳ ಬಲಕ್ಕೆ ಗಂಡ, ಎಡಕ್ಕೆ ನಾದಿನಿ. ದೀಪ ಆರಿದ್ದೇ ತಡ ಗಂಡ ನೆಲಮಾಳಿಗೆಗೆ ಇಳಿದ. ವೇದಿಕೆಯ ಮೇಲೆ ಹನ್ನೊಂದು ನೀಲಿ ಕೋಟು, ಒಂದಕ್ಕೂ ಸುಕ್ಕಿಲ್ಲ. ನಾದಿನಿ ಕೂಡ ಬಗ್ಗಿ, "ಚೆನ್ನಾಗಿ ಬಂದಿದೆ ಅತ್ತಿಗೆ" ಅಂದಳು. ಎರಡು ಹಾಡು ಸರಾಗವಾಗಿ ಮುಗಿದವು. ಮೂರನೆಯದು ಏರುಸ್ವರದ ಹಾಡು. ಅದಕ್ಕೆ ಎದೆ ತುಂಬ ಉಸಿರು ಎಳೆದುಕೊಳ್ಳಬೇಕು.

ಸಂಗೀತದ ಮೇಷ್ಟ್ರು ಎದೆ ಉಬ್ಬಿಸಿ ಸ್ವರ ಎತ್ತಿದರು. ಅರ್ಧಕ್ಕೆ ಹೋದ ಸ್ವರ "ಅಯ್ಯಯ್ಯೋ" ಅಂತ ಎಲ್ಲಿಗೋ ಹಾರಿಬಿಟ್ಟಿತು. ಇದೇನೋ ಹೊಸ ವರಸೆ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಬೇಕರಿಯವನೂ ಉಸಿರೆಳೆದ, ಅವನೂ "ಹಾಯ್" ಅಂದ. ಸಂಘದ ಅಧ್ಯಕ್ಷರು ದಪ್ಪ ದನಿಯವರು, ಅವರ "ಅಮ್ಮಾ" ಅಂತೂ ಕಿಟಕಿ ಗಾಜನ್ನೇ ಅಲ್ಲಾಡಿಸಿತು. ಒಬ್ಬೊಬ್ಬರಾಗಿ ಹನ್ನೊಂದು ಜನರೂ ತಾಳಕ್ಕೆ ಸರಿಯಾಗಿ ಹಾರತೊಡಗಿದರು. ಇಂಥ ಕಛೇರಿ ಊರು ಹಿಂದೆ ಕಂಡಿರಲಿಲ್ಲ.

"ಚೀಟಿ!" ಅಂದಳು ಟೇಪಕ್ಕ. ಬೇಡದ ಹೊತ್ತಿನಲ್ಲಿ ಪದ ಒಂದು ಚೂರೂ ತಡ ಮಾಡದೆ ಸಿಕ್ಕಿತ್ತು.

ಬಿಡುವಿನಲ್ಲಿ ಪರದೆಯ ಹಿಂದೆ ಅವರು ಕೋಟು ಬಿಚ್ಚುವ ಗಲಾಟೆ ಕೇಳಿಸಿತು. ಆಮೇಲೆ ಯಾರೋ ಗಟ್ಟಿಯಾಗಿ ಓದುವುದು ಕೇಳಿಸಿತು. "ಅಧ್ಯಕ್ಷರು. ಅಳತೆ ಕೊಡುವಾಗ ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ. ಉಸಿರು ಬಿಟ್ಟ ಮೇಲೆ ಮೂರು ಇಂಚು ಸೇರಿಸು." ನಗು. "ಪೋಸ್ಟ್ ಮಾಸ್ತರು. ಐದಡಿ ನಾಲ್ಕು. ಐದೂವರೆ ಅಂತ ನಂಬಿದ್ದಾರೆ, ನಂಬಿಕೊಂಡಿರಲಿ ಪಾಪ." ಇನ್ನೂ ಜೋರು ನಗು. "ಸಂಗೀತದ ಮೇಷ್ಟ್ರು. ಪಕ್ಕದ ಮನೆ ನಾಯಿ ಬೊಗಳಿದರೆ ಕೋಪ ಬಂದು ಕತ್ತು ಊದುತ್ತೆ. ಕಾಲರ್ ಸಡಿಲ ಇಡು." ಆಮೇಲೆ ಯಾಕೋ ಏನೋ, ನಗು ನಿಂತುಹೋಯಿತು.

ಹಾಗೆ ನಗು ನಿಂತದ್ದು ಟೇಪಕ್ಕನಿಗೆ ತಡೆಯಲಾಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು ನಾದಿನಿಯ ಮಡಿಲಿಗೆ ಹಾಕಿ, ಗಂಡನನ್ನ ಎಬ್ಬಿಸಿಕೊಂಡು ಹೊರಟುಬಿಟ್ಟಳು. ದಾರಿಯುದ್ದಕ್ಕೂ ಅತ್ತಳು. ಗಂಡ ಅವಳ ಕೈ ಬಿಡದೆ ಹಿಡಿದುಕೊಂಡಿದ್ದ.

ಸೋಮವಾರ ಬೆಳಿಗ್ಗೆ ಮಿಷನ್ನಿಗೆ ಗೋಣಿ ಹೊದಿಸೋಣ ಅಂತ ಅಂಗಡಿಗೆ ಹೋದರೆ, ನಾದಿನಿ ಆಗಲೇ ಗೋಡೆ ಅಳೆಯುತ್ತಾ ನಿಂತಿದ್ದಳು. ಅದೂ ಮೊಳದ ಲೆಕ್ಕದಲ್ಲಿ. ಟೇಪು ಅತ್ತಿಗೆಯ ಕತ್ತಿನಲ್ಲಿತ್ತು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ನೀಲಿ ಬಣ್ಣ ಕಂಡಿತು. ಹನ್ನೊಂದು ಜನರೂ ಕೋಟು ಹಾಕಿಕೊಂಡು ಸಾಲಾಗಿ ಬರುತ್ತಿದ್ದರು.

ಟೇಪಕ್ಕ ಪರದೆಯ ಹಿಂದೆ ಅಡಗಿದಳು. ಮೊಣಕೈ ಬೀದಿಗೆ ಕಾಣುತ್ತಿತ್ತು.

"ಹೊರಗೆ ಬನ್ನಿ ಟೇಪಕ್ಕ, ಯಾರೂ ಬೈಯಲ್ಲ" ಅಂದರು ಡಾಕ್ಟರಮ್ಮ.

"ನಾನು ಸ್ವಲ್ಪ ಬೈತೀನಿ" ಅಂದರು ಅಧ್ಯಕ್ಷರು. "ಮೂರು ಇಂಚು ಅಂತೆ! ಎರಡೂವರೆ ಇರಬಹುದು, ಅಷ್ಟೇ."

"ಮೂರೇ ಸಾರ್" ಅಂತು ಪರದೆ.

ಡಾಕ್ಟರಮ್ಮ ಪರದೆ ಸರಿಸಿ ತಮ್ಮ ಚೀಟಿ ಹಿಡಿದರು. ಅದರಲ್ಲಿ ಅವಳದೇ ಅಕ್ಷರ: "ಎಡಭುಜ ಅರ್ಧ ಇಂಚು ಕೆಳಗೆ, ಬ್ಯಾಗ್ ಹೊರುವ ಭುಜ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಏನಾಗಿದೆ ಅಂತ ಕೇಳಿಬಿಡುತ್ತಾರೆ." ಅವರು ಹಾಳೆ ತಿರುಗಿಸಿದರು. ತಾರೀಖಿನ ಪಕ್ಕದಲ್ಲಿ ಸಣ್ಣ ಅಕ್ಷರಗಳು: "ನೆಂಟ ಇದ್ದಾನೆ. ನಿದ್ದೆ ಎರಡು ಗಂಟೆ. ಮಾತ್ರೆ ಮೂರು. ಕಳೆದ ಪದ ಕತ್ತರಿ. ದೊಡ್ಡಮ್ಮನಿಗೂ ಹೀಗೇ ಶುರುವಾಗಿದ್ದು."

ಟೇಪಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಹಾಳೆಗೆ ಇನ್ನೊಂದು ಮುಖವೂ ಇದೆ ಅನ್ನುವುದು ಅವಳಿಗೆ ಪೂರ್ತಿ ಮರೆತೇಹೋಗಿತ್ತು.

"ನಿನ್ನೆ ಒಬ್ಬೊಬ್ಬರ ಕೋಟಿಂದ ಕಿತ್ತು ಹನ್ನೊಂದು ಹಾಳೇನೂ ತಾರೀಖಿನ ಪ್ರಕಾರ ಜೋಡಿಸಿದೀನಿ" ಅಂದರು ಡಾಕ್ಟರಮ್ಮ. "ನನ್ನ ಹತ್ರ ಬರೋವರಿಗೆಲ್ಲ ತಲೆನೋವಿನ ಲೆಕ್ಕ ಬರೆದಿಡಿ ಅಂತ ಬೇಡ್ಕೋತೀನಿ, ಎಲ್ಲರೂ ಬರಿಗೈಲಿ ಬರ್ತಾರೆ. ನೀವು ಬರೆದೂ ಬರೆದು ಹನ್ನೊಂದು ಜನರ ಎದೆಗೆ ಚುಚ್ಚಿ ಕಳಿಸಿದೀರಿ. ನಡೀರಿ ಆಸ್ಪತ್ರೆಗೆ."

ಪರೀಕ್ಷೆ ಒಂದು ಗಂಟೆ ನಡೆಯಿತು.

"ಇವತ್ತು ತಾರೀಖು ಎಷ್ಟು?"

"ನನ್ನ ಕ್ಯಾಲೆಂಡರ್ ಎಲ್ಲ ನಿಮ್ಮ ಹತ್ರಾನೇ ಇದೆಯಲ್ಲ ಡಾಕ್ಟ್ರೇ."

"ನೂರರಿಂದ ಏಳೇಳು ಕಳೀತಾ ಬನ್ನಿ."

"ಇಂಚಲ್ಲೋ ಸೆಂಟಿಮೀಟರಲ್ಲೋ?"

ಐದು ಪದ ನೆನಪಿಟ್ಟುಕೊಂಡು ಆಮೇಲೆ ಹೇಳಿ ಅಂದರೆ ನಾಲ್ಕು ಹೇಳಿದಳು. ಐದನೆಯದಕ್ಕೆ ಡಾಕ್ಟರಮ್ಮ ಒಂದು ಸುಳಿವು ಕೊಟ್ಟದ್ದೇ ತಡ, ಅದೂ ಬಂತು. ತಲೆಯ ಚಿತ್ರ ತೆಗೆಸಿದರು, ರಕ್ತ ನೋಡಿದರು. ವರದಿ ಬಂದ ದಿನ ಗಂಡನೂ ರಜೆ ಹಾಕಿ ಜೊತೆಗೆ ಬಂದ, ನಾದಿನಿಯೂ ಬಂದಳು.

ಟೇಪಕ್ಕ ಕುರ್ಚಿಯ ತುದಿಯಲ್ಲಿ ಕೂತು, ಇಷ್ಟು ದಿನ ನುಂಗಿಟ್ಟುಕೊಂಡಿದ್ದನ್ನ ಕೇಳಿಯೇಬಿಟ್ಟಳು. "ಡಾಕ್ಟ್ರೇ, ನಾನು ನಮ್ಮ ದೊಡ್ಡಮ್ಮನ ಹಾಗೆ ಆಗ್ತಿದೀನಾ?"

"ಇಲ್ಲ" ಅಂದರು ಡಾಕ್ಟರಮ್ಮ. "ಆ ಕಾಯಿಲೆಯ ಗುರುತು ಒಂದೂ ಇಲ್ಲ. ನಿಮ್ಮದು ಮೈಗ್ರೇನ್, ಬೇರು ಬಿಟ್ಟುಕೊಂಡ ಮೈಗ್ರೇನ್. ನೋವು ನಿದ್ದೆ ಕೆಡಿಸುತ್ತೆ, ನಿದ್ದೆ ಕೆಟ್ರೆ ನೋವು ಮತ್ತೆ ಬರುತ್ತೆ, ಇವೆರಡರ ಮಧ್ಯೆ ಸಿಕ್ಕಿ ಗಮನ ನುಜ್ಜುಗುಜ್ಜಾಗುತ್ತೆ. ಪದ ಎಲ್ಲೂ ಹೋಗಿಲ್ಲ, ಹುಡುಕೋಕೆ ತಲೆಗೆ ಪುರುಸೊತ್ತಿಲ್ಲ ಅಷ್ಟೇ. ಇಷ್ಟೊಂದು ನೋವಿನ ಮಾತ್ರೆ ನುಂಗಿದ್ರೆ ಅದರಿಂದಲೂ ತಲೆನೋವು ಜಾಸ್ತಿಯಾಗುತ್ತೆ. ಇದಕ್ಕೆ ದಾರಿ ಇದೆ, ನಿಧಾನ ಆಗುತ್ತೆ."

ಟೇಪಕ್ಕ ಅತ್ತಳು ನೋಡಿ! ಎಂಥ ನೋವಿಗೂ ಹಲ್ಲು ಕಚ್ಚಿಕೊಂಡು ಮಿಷನ್ ತುಳಿದವಳು, ಹೊರಗೆ ಕೂತ ರೋಗಿಗಳೆಲ್ಲ ಎದ್ದು ಬಾಗಿಲಲ್ಲಿ ಇಣುಕುವ ಹಾಗೆ ಗೊಳೋ ಅಂತ ಅತ್ತಳು. ಗಂಡನಿಗೆ ಗಾಬರಿ. "ಏನಂತೆ? ಏನೂ ಇಲ್ಲ ಅಂದ್ರಲ್ಲ? ಏನೂ ಇಲ್ಲದ್ದಕ್ಕೆ ಯಾಕೆ ಅಳ್ತಾಳೆ?" ಅಂತ ಎಲ್ಲರನ್ನೂ ಕೇಳುತ್ತಿದ್ದ. ನಾದಿನಿ ಮೂಗು ಒರೆಸಿಕೊಳ್ಳುತ್ತಾ ಬೀಗದ ಕೈಯನ್ನ ಅತ್ತಿಗೆಯ ಕೈಗೆ ತುರುಕಿದಳು. "ಆ ಗೋಡೆ ಸರಿ ಇಲ್ಲ ಅತ್ತಿಗೆ. ಕನ್ನಡಿಗೆ ಬೆಳಕು ಬೀಳಲ್ಲ. ನಾನು ಬೇರೆ ಕಡೆ ನೋಡ್ತೀನಿ."

ಚೀಟಿಯಲ್ಲಿ ಡಾಕ್ಟರಮ್ಮ ಬರೆದುಕೊಟ್ಟರು: ದಿನಕ್ಕೊಂದು ತಡೆಯುವ ಮಾತ್ರೆ. ನೋವಿನ ಮಾತ್ರೆಗೆ ಲಗಾಮು. ಮಲಗುವುದು, ಏಳುವುದು ದಿನಾ ಒಂದೇ ಹೊತ್ತಿಗೆ. ಕೊನೆಯ ಸಾಲು: ಗೊರಕೆ ಹೊಡೆಯುವ ಗಂಡ, ಹೊರಗಿನ ಕೋಣೆ. ಗಂಡ ಅದನ್ನ ಎರಡು ಸಲ ಓದಿ, "ಇದು ಊಟಕ್ಕೆ ಮುಂಚೆಯೋ ಆಮೇಲೋ?" ಅಂತ ಕೇಳಿದ.

ನೆಂಟ ಬರುವುದು ನಿಂತಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಹದಿನೆಂಟು ದಿನ ಹದಿಮೂರಾಯಿತು, ನಾಲ್ಕು ತಿಂಗಳಾಗುವಷ್ಟರಲ್ಲಿ ಎಂಟಾಯಿತು. ಎರಡು ಗಂಟೆಯ ನಿದ್ದೆ ಐದು ಗಂಟೆಯಾಯಿತು, ಆಮೇಲೆ ಆರಾಯಿತು. ಒಂದು ಭಾನುವಾರ ಅವಳು ಏಳೂವರೆ ಗಂಟೆ ನಿದ್ದೆ ಮಾಡಿ ಕಣ್ಣು ಬಿಟ್ಟರೆ, ಗಂಡ ಹೊರಗಿನ ಕೋಣೆಯಿಂದ ಎದ್ದು ಬಂದು ಅವಳ ಮೂಗಿನ ಕೆಳಗೆ ಬೆರಳು ಹಿಡಿದು ಕೂತಿದ್ದ. "ಉಸಿರಾಡ್ತಿದೀಯಾ ಅಂತ ನೋಡ್ದೆ ಕಣೆ. ಭಯ ಆಗಿ ನನಗೆ ನಿದ್ದೇನೇ ಬರ್ಲಿಲ್ಲ" ಅಂದ.

"ಕಣ್ಣು ಮುಚ್ಕೊಳ್ಳಿ, ಬರುತ್ತೆ" ಅಂದಳು ಟೇಪಕ್ಕ. ಇಪ್ಪತ್ತು ವರ್ಷದ ಸೇಡು ಅದೊಂದು ಮಾತಿನಲ್ಲಿ ತೀರಿತು.

ಸಂಘದವರು ಮತ್ತೆ ಬಂದರು, ಈ ಸಲ ಬೂದು ಬಣ್ಣದ ಬಟ್ಟೆ. ಕೋಟು ಒಯ್ಯುವ ದಿನ ಹನ್ನೊಂದು ಜನರೂ ಮೆಟ್ಟಿಲ ಕೆಳಗೆ ಒತ್ತಿಕೊಂಡು ನಿಂತರು. ಅಧ್ಯಕ್ಷರು ಇದ್ದ ಒಂದು ಸ್ಟೂಲಿನ ಮೇಲೆ ಕೂತು ಕೋಟಿನ ಒಳಗೆ ಕೈ ಹಾಕಿ ತಡಕಿದರು. ಮುಖ ಸಪ್ಪಗಾಯಿತು.

"ಚೀಟಿ ಎಲ್ಲಿ?"

"ಈ ಸಲ ಬರೆದೇ ಇಲ್ಲ ಸಾರ್."

"ಬರೆದಿಲ್ವೇ? ನಾನು ತೆಳ್ಳಗಾಗಿದೀನಿ ಅಂತ ಬರೀತೀರಿ ಅಂದ್ಕೊಂಡಿದ್ದೆ. ಹಾಗಾದ್ರೆ ಯಾರು ಯಾರು ಅಂತ ಗೊತ್ತಾಗಿದ್ದು ಹೇಗೆ?"

ಟೇಪಕ್ಕ ಮೇಜಿಗೆ ಒರಗಿ ನಿಂತಳು. ಎಡದಿಂದ ಶುರು ಮಾಡಿದಳು. "ನೀವು ಅರ್ಧ ಇಂಚು ಇಳಿದಿದೀರಿ ಸಾರ್, ಹೊಟ್ಟೆ ಎಳ್ಕೊಳ್ಳೋದು ಮಾತ್ರ ಬಿಟ್ಟಿಲ್ಲ. ಮೇಷ್ಟ್ರ ಕತ್ತು ಈಗ ಕಮ್ಮಿ ಊದುತ್ತೆ, ಪಕ್ಕದ ಮನೆ ನಾಯಿ ಸತ್ತಿರಬೇಕು. ಪೋಸ್ಟ್ ಮಾಸ್ತರು ಹೊಸ ಬೂಟು ಹಾಕ್ಕೊಂಡು ಐದಡಿ ಐದಾಗಿದಾರೆ. ಬೇಕರಿ ಅಣ್ಣನ ಜೇಬು ಈ ಸಲ ಬಿಸ್ಕತ್ತಿಗಲ್ಲ, ಕನ್ನಡಕದ ಡಬ್ಬಿಗೆ. ಡಾಕ್ಟರಮ್ಮ ಬ್ಯಾಗು ಬಲಭುಜಕ್ಕೆ ಬದಲಾಯಿಸಿದಾರೆ..." ಹನ್ನೊಂದು ಜನರ ಗುರುತನ್ನೂ, ಇಂಚು ಸಮೇತ, ಒಂದು ಕಡೆಯೂ ತಡವರಿಸದೆ ಹೇಳಿ ಮುಗಿಸಿದಳು. ಒಂದು ಪದವೂ ಕೈಕೊಡಲಿಲ್ಲ. ಡಾಕ್ಟರಮ್ಮನ ಕಣ್ಣು ಒದ್ದೆಯಾಗಿತ್ತು.

ಬೇಕರಿಯವನು ಮುಂದೆ ಬಂದು, "ಅಕ್ಕ, ನನ್ನ ತೋಳು ಒಂಚೂರು ಉದ್ದ ಅನ್ಸುತ್ತೆ, ಅಳೆದು ನೋಡ್ತೀರಾ?" ಅಂದ.

"ಅದಕ್ಕೇನು, ಬನ್ನಿ" ಅಂದಳು ಟೇಪಕ್ಕ. ಡ್ರಾಯರ್ ಎಳೆದಳು. ಮೇಜಿನ ಕೆಳಗೆ ಬಗ್ಗಿದಳು. "ಇಲ್ಲೇ ಇಟ್ಟಿದ್ದೆನಲ್ಲ. ಏಳ್ರೀ ಅಧ್ಯಕ್ಷರೇ, ನೀವೇ ಕೂತಿದೀರೋ ಏನೋ. ನನ್ನ ಟೇಪು ಎಲ್ಲಿ?"

ಹನ್ನೊಂದು ಜನರೂ ಒಂದೇ ಉಸಿರಿಗೆ, ಒಂದೇ ಶ್ರುತಿಗೆ, ಏರುಸ್ವರದಲ್ಲಿ ಹಾಡಿದರು: "ನಿಮ್ಮ ಕತ್ತಿನಲ್ಲೇ ಇದೆ ಟೇಪಕ್ಕಾ!"

ಅವಳು ಕತ್ತು ಮುಟ್ಟಿಕೊಂಡಳು. ನಕ್ಕಳು. ಹೊಟ್ಟೆ ಹಿಡಿದುಕೊಂಡು, ಮಿಷನ್ನಿಗೆ ಒರಗಿಕೊಂಡು ನಕ್ಕಳು. ಆಮೇಲೆ ಬೇಕರಿಯವನ ತೋಳಿಗೆ ಟೇಪು ಹಿಡಿದಳು. ಈ ಸಲ ಪರದೆ ಎಳೆದುಕೊಂಡು ಒಳಗೆ ಕೂರಲಿಲ್ಲ.